ಬೀರುವಿನಲ್ಲಿರುವ ಪಾಲಿಸಿಯನ್ನು ಒಮ್ಮೆ ಹೊರಗೆ ತೆಗೆಯಿರಿ

ಮಧ್ಯಾಹ್ನದ ಅಡುಗೆ ಮುಗಿಸಿ, ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಕೂತಿದ್ದೀರಷ್ಟೆ? ಹಾಗಾದರೆ ಬೀರು ತೆರೆಯಿರಿ. ರೇಷ್ಮೆ ಸೀರೆಗಳ ಕೆಳಗೋ, ಮಕ್ಕಳ ಮಾರ್ಕ್ಸ್ ಕಾರ್ಡುಗಳ ಜೊತೆಗೋ ಪ್ಲಾಸ್ಟಿಕ್ ಕವರಿನಲ್ಲಿ ಸ್ಕೂಟರಿನ ಕಾಗದಪತ್ರ ಇರುತ್ತದೆ. ಈಗೀಗ ಕೆಲವರ ಮನೆಯಲ್ಲಿ ಅದು ಯಜಮಾನರ ಮೊಬೈಲಿನೊಳಗೆ ಸೇರಿಕೊಂಡಿರಲೂಬಹುದು. ಆರ್.ಸಿ. ಯಾವುದು, ವಿಮೆ ಪಾಲಿಸಿ ಯಾವುದು ಎಂದು ನಮಗೆ ಗೊತ್ತು. ಪಾಲಿಸಿಯೊಳಗೆ ಏನಿದೆ ಎಂಬುದು ಮಾತ್ರ ಗೊತ್ತಿಲ್ಲ. "ಅದೆಲ್ಲಾ ಅವರು ನೋಡ್ಕೋತಾರೆ ಬಿಡಿ" ಎಂದುಬಿಡುತ್ತೇವೆ. ನಿಜ ಹೇಳಬೇಕೆಂದರೆ ಅವರೂ ನೋಡಿರುವುದಿಲ್ಲ. ಪೊಲೀಸಿನವರು ತಡೆದರೆ ತೋರಿಸಲು ಒಂದು ಕಾಗದ ಇದೆಯಲ್ಲ, ಅಷ್ಟೇ ಅವರ ಸಮಾಧಾನ.

ಈ ಮಾತು ಈಗೇಕೆ ಎಂದರೆ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಸ್.ಎಸ್.ಎಲ್.ಸಿ. ಪಾಸು ಮಾಡಿ ಮನೆಯಲ್ಲಿರುವ ಅನೇಕ ಹೆಣ್ಣುಮಕ್ಕಳು ವಾಹನ ವಿಮೆಯ ಪರೀಕ್ಷೆ ಕಟ್ಟಬೇಕೆಂದು ಯೋಚಿಸುತ್ತಿದ್ದಾರೆ. ಒಂದು ಬೀದಿಯಲ್ಲಿ ಹತ್ತು ಮನೆಯಿದ್ದರೆ ಎಂಟರ ಮುಂದೆ ಸ್ಕೂಟರು ನಿಂತಿರುವ ಕಾಲ. ಜೀವ ವಿಮೆ ಎಂದರೆ ಎಲ್.ಐ.ಸಿ. ಏಜೆಂಟರು ಎಂದು ನಮಗೆ ಗೊತ್ತು. ಆದರೆ ವಾಹನದ ವಿಮೆ ಎಲ್.ಐ.ಸಿ.ಯ ಕೆಲಸವಲ್ಲ, ಅದು ಸಾಮಾನ್ಯ ವಿಮೆ. 1973ರಲ್ಲಿ ಈ ವ್ಯವಹಾರ ರಾಷ್ಟ್ರೀಕರಣವಾದಾಗ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ 4 ಕಂಪನಿಗಳಾದವು. ಖಾಸಗಿಯವರು ಬಂದದ್ದು 2000ದ ನಂತರ.

ಪರೀಕ್ಷೆಗೆ ಹೆದರಬೇಡಿ. ಹತ್ತನೆಯ ತರಗತಿ ಪಾಸಾಗಿ 18 ವರ್ಷ ತುಂಬಿದ್ದರೆ ಸಾಕು. ದಾರಿಗಳು ಎರಡು. ಒಂದು, ಪೂರ್ಣ ಏಜೆಂಟರ ಪರೀಕ್ಷೆ, ಐ.ಸಿ.-38 ಎಂದು ಇದರ ಹೆಸರು. 50 ಪ್ರಶ್ನೆ, 1 ಗಂಟೆ. ನೂರಕ್ಕೆ 35 ಬಂದರೆ ಪಾಸು, ಅಂದರೆ 18 ಪ್ರಶ್ನೆ ಸರಿಯಾಗಬೇಕು. ಕನ್ನಡದಲ್ಲೇ ಬರೆಯಬಹುದು. ಇನ್ನೊಂದು, 2015ರಲ್ಲಿ ಬಂದ ಸುಲಭದ ದಾರಿ: ಪಾಯಿಂಟ್ ಆಫ್ ಸೇಲ್ಸ್ ಪರ್ಸನ್. ಇದಕ್ಕೆ 15 ಗಂಟೆಯ ತರಬೇತಿ, ಆಮೇಲೆ ಕಂಪನಿಯವರೇ ನಡೆಸುವ ಪರೀಕ್ಷೆ. ಜನ ಈಗಲೂ "ಲೈಸೆನ್ಸ್ ಪರೀಕ್ಷೆ" ಎನ್ನುತ್ತಾರೆ. 2016ರಿಂದ ಏಜೆಂಟರಿಗೆ ಲೈಸೆನ್ಸಿನ ಬದಲು ಕಂಪನಿಯೇ ನೇಮಕಪತ್ರ ಕೊಡುತ್ತದೆ. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಹಸು ಹೊಲಕ್ಕೆ ನುಗ್ಗಿದ ಕಥೆ

ಪುಸ್ತಕ ತೆರೆದ ಕೂಡಲೇ ಎದುರಾಗುವ ಮಾತು "ಥರ್ಡ್ ಪಾರ್ಟಿ", "ಓನ್ ಡ್ಯಾಮೇಜ್". ಇದನ್ನು ಹೀಗೆ ನೆನಪಿಡಿ. ನಮ್ಮ ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ಹೊಲಕ್ಕೆ ನುಗ್ಗಿ ಟೊಮೆಟೊ ಗಿಡ ತುಳಿಯಿತು. ಪಕ್ಕದವರಿಗೆ ನಷ್ಟ ಕಟ್ಟಿಕೊಡಬೇಕಾದದ್ದು ನಾವು. ಅದು ಥರ್ಡ್ ಪಾರ್ಟಿ. ಅದೇ ಓಟದಲ್ಲಿ ನಮ್ಮ ಹಸುವಿನ ಕಾಲು ಮುರಿಯಿತು. ಅದು ಓನ್ ಡ್ಯಾಮೇಜ್. ಮೊದಲನೆಯವರು ವಿಮೆ ಮಾಡಿಸಿದ ನಾವು, ಎರಡನೆಯವರು ಕಂಪನಿ, ಪಕ್ಕದ ಹೊಲದವರು ಮೂರನೆಯವರು.

ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಹಾಗೆ ಹೇಳುತ್ತದೆ. ಈ ಸಂಖ್ಯೆ ಬಾಯಿಪಾಠ ಮಾಡಿ. ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳ ಸೆರೆ, ಇಲ್ಲವೇ ಎರಡೂ. ಎರಡನೆಯ ಸಲ ದಂಡ 4,000. ಇದರ ಪ್ರೀಮಿಯಂ ನಿಗದಿ ಮಾಡುವುದು ಸರ್ಕಾರ; ಕಂಪನಿಗಳು ತಮಗೆ ಬೇಕಾದ ಹಾಗೆ ಏರಿಸುವಂತಿಲ್ಲ. 2022ರ ಜೂನ್ 1ರಂದು ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿ.ಸಿ.ಯ ಸ್ಕೂಟರಿಗೆ ವರ್ಷಕ್ಕೆ 714 ರೂಪಾಯಿ, 1000 ಸಿ.ಸಿ.ಯೊಳಗಿನ ಸಣ್ಣ ಕಾರಿಗೆ 2,094. ಹೊಸ ಗಾಡಿ ಕೊಳ್ಳುವಾಗ ಸ್ಕೂಟರಿಗೆ 5 ವರ್ಷ, ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಆದೇಶ ಮಾಡಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಹಾಗೇ ನಡೆದಿದೆ. ಇಲ್ಲೊಂದು ಮೋಸ ಹೋಗುವ ಜಾಗವಿದೆ. "ಐದು ವರ್ಷಕ್ಕೆ ಕಟ್ಟಿದೀವಲ್ಲ" ಎಂದು ಸುಮ್ಮನಾಗುತ್ತೇವೆ. ಆದರೆ ಓನ್ ಡ್ಯಾಮೇಜ್ ಭಾಗ ಬಹಳ ಸಲ ಒಂದೇ ವರ್ಷದ್ದಿರುತ್ತದೆ. ಎರಡನೆಯ ವರ್ಷ ಗಾಡಿ ಕಳುವಾದರೆ ಕೈಗೆ ಏನೂ ಸಿಗುವುದಿಲ್ಲ. ಪಾಲಿಸಿಯಲ್ಲಿ ಎರಡು ತಾರೀಖು ಇವೆಯೇ ನೋಡಿ.

ಹಿಂದೆ ಕೂತವರ ಗತಿ ಏನು?

ನಮ್ಮಲ್ಲಿ ಬಹಳ ಮಂದಿ ಹಿಂದಿನ ಸೀಟಿನವರು. ಕುರುಡುಮಲೆ ಗಣಪತಿಯ ದರ್ಶನಕ್ಕೋ, ಕೋಲಾರದಲ್ಲಿ ತಂಗಿಯ ಮನೆಯ ಸೀಮಂತಕ್ಕೋ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೋಗಿಬರುತ್ತೇವೆ. ಗಾಡಿ ಜಾರಿತು ಅನ್ನಿ. ಹಿಂದೆ ಕೂತ ನಮಗೆ ವಿಮೆ ಸಿಗುತ್ತದೆಯೇ?

ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ಹಿಂದೆ ಕೂತವರಿಗೆ ಕಂಪನಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಕಾನೂನಿನ ಕಣ್ಣಿಗೆ ರಸ್ತೆಯಲ್ಲಿ ನಡೆದು ಹೋಗುವವರು ಮೂರನೆಯವರು, ಅದೇ ಗಾಡಿಯ ಹಿಂದೆ ಕೂತ ಹೆಂಡತಿ ಅಲ್ಲ. ಎರಡೂ ಭಾಗ ಸೇರಿರುವ ಪ್ಯಾಕೇಜ್ ಪಾಲಿಸಿ, ಅಂದರೆ ಜನ ಕಾಂಪ್ರಹೆನ್ಸಿವ್ ಎನ್ನುವುದು, ಇದ್ದರೆ ಹಿಂದಿನ ಸವಾರರೂ ಕಾರಿನೊಳಗಿನವರೂ ಅದರೊಳಗೆ ಬರುತ್ತಾರೆ. 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಇದನ್ನು ಸ್ಪಷ್ಟ ಮಾಡಿತು. ಕೆಲವು ನೂರು ರೂಪಾಯಿ ಉಳಿಯಿತೆಂದು ಬರೀ ಥರ್ಡ್ ಪಾರ್ಟಿ ಮಾಡಿಸುವ ಮನೆಯವರಿಗೆ ಈ ಒಂದು ವಿಷಯ ತಿಳಿಸಿ ನೋಡಿ. (ಸೀರೆಯ ಸೆರಗು ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಭಾಗಕ್ಕಾದರೂ ಮುಚ್ಚು ಇರಬೇಕೆಂಬ ನಿಯಮವೂ ಇದೆ. ಅಂದ ಕೆಡುತ್ತದೆಂದು ಅದನ್ನು ಬಿಚ್ಚಿಸುವ ಹುಡುಗರಿಗೆ ಏನೆನ್ನೋಣ!)

ನಮ್ಮ ಕಡೆಯ ಇನ್ನೊಂದು ವಾಡಿಕೆ ಇದಕ್ಕಿಂತ ಅಪಾಯದ್ದು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊರುವ ಟೆಂಪೋದಲ್ಲೇ ಸಂಜೆ ಮದುವೆ ದಿಬ್ಬಣ ಹೊರಡುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯ ಕಾಲಕ್ಕೆ ಕಾಯಿ ಕೀಳುವ ಹೆಂಗಸರು ಗೂಡ್ಸ್ ಗಾಡಿಯ ಹಿಂದೆ ನಿಂತು ಹೋಗುತ್ತಾರೆ. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ ಟ್ರಾಕ್ಟರಿನ ಟ್ರೈಲರ್‌ನಲ್ಲಿ ಕೂತವರನ್ನು ನೀವೂ ನೋಡಿರುತ್ತೀರಿ. 1994ರ ತಿದ್ದುಪಡಿಯ ನಂತರ ಸರಕಿನ ಗಾಡಿಯಲ್ಲಿ ಸರಕಿನ ಮಾಲೀಕರಿಗೆ ಅಥವಾ ಅವರು ಕಳಿಸಿದವರಿಗೆ ರಕ್ಷಣೆ ಇದೆ. ತನ್ನ ಟೊಮೆಟೊ ಕ್ರೇಟುಗಳ ಜೊತೆ ಹೋಗುವ ರೈತ ಅದರೊಳಗೆ ಬರುತ್ತಾನೆ. ಸುಮ್ಮನೆ ಹತ್ತಿದ ನೆಂಟರಿಷ್ಟರು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಒಂದೇ ಗಾಡಿ, ಬೆಳಗ್ಗೆ ಒಂದು ನ್ಯಾಯ, ಸಂಜೆಗೆ ಇನ್ನೊಂದು. ಪರೀಕ್ಷೆಯಲ್ಲಿ ಇದು ಬರಲಿ ಬಿಡಲಿ, ಟೆಂಪೋ ಇಟ್ಟುಕೊಂಡಿರುವ ಅಣ್ಣತಮ್ಮಂದಿರಿಗೆ ನೀವು ಹೇಳಬೇಕಾದ ಮಾತು ಇದು.

ಗಾಡಿ ಯಾರ ಹೆಸರಿನಲ್ಲಿದೆ?

"ನನ್ನ ಹೆಸರಲ್ಲೇ ತಗೊಂಡ್ರು ಕಣ್ರೀ" ಎಂದು ಸಂತೋಷದಿಂದ ಹೇಳುವವರನ್ನು ಕಂಡಿದ್ದೇನೆ. ಸಂತೋಷವೇ. ಆದರೆ ಹೆಸರಿನ ಹಿಂದೆ ಹೊರೆಯೂ ಇದೆ.

ಮಾಲೀಕ-ಚಾಲಕರಿಗೆ ವೈಯಕ್ತಿಕ ಅಪಘಾತ ವಿಮೆ ಎಂದು ಪಾಲಿಸಿಯಲ್ಲಿ ಒಂದು ಸಾಲು ಇರುತ್ತದೆ. ಹಿಂದೆ ಸ್ಕೂಟರಿಗೆ 1 ಲಕ್ಷ, ಕಾರಿಗೆ 2 ಲಕ್ಷ ಇತ್ತು. 2018ರಿಂದ 15 ಲಕ್ಷ ಆಗಿದೆ. ಇದು ಸಿಗುವುದು ಆರ್.ಸಿ.ಯಲ್ಲಿ ಹೆಸರಿರುವವರಿಗೆ, ಅವರಿಗೆ ಚಾಲನಾ ಲೈಸೆನ್ಸ್ ಇದ್ದರೆ ಮಾತ್ರ. ಗಾಡಿ ನಿಮ್ಮ ಹೆಸರಿನಲ್ಲಿದ್ದು ದಿನವೂ ಓಡಿಸುವವರು ಯಜಮಾನರಾದರೆ ಅವರಿಗೆ ಈ 15 ಲಕ್ಷ ಇಲ್ಲ. ನಿಮಗೆ ಲೈಸೆನ್ಸ್ ಇಲ್ಲದಿದ್ದರೆ ನಿಮಗೂ ಇಲ್ಲ. ಮನೆಗೆ ಆಧಾರವಾದವರು ಓಡಿಸುವ ಗಾಡಿ ಅವರ ಹೆಸರಿನಲ್ಲೇ ಇರಲಿ, ಅಥವಾ ಅವರಿಗೆ ಬೇರೆಯಾಗಿ ಅಪಘಾತ ವಿಮೆ ಮಾಡಿಸಿ ಎಂದು ನನ್ನ ಅಭಿಪ್ರಾಯ. ಮನೆಯಲ್ಲಿ ಒಬ್ಬರ ಹೆಸರಿನಲ್ಲೇ ಎರಡು ಗಾಡಿ ಇದ್ದರೆ ಈ ವಿಮೆ ಎರಡೆರಡು ಸಲ ಕಟ್ಟಬೇಕಿಲ್ಲ, ಒಂದು ಸಾಕು.

ಎರವಲು ಗಾಡಿಯ ವಿಷಯಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. 1999ರಲ್ಲಿ ಒಬ್ಬರು ಬೇರೆಯವರ ಮೋಟಾರ್ ಸೈಕಲ್ ಕೇಳಿ ಪಡೆದು ಇಳಕಲ್‌ನಿಂದ ತಮ್ಮೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ಹಾಳೆ ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಿತು. ಡಿಕ್ಕಿ ಹೊಡೆದು ತೀರಿಕೊಂಡರು. ಹೆಂಡತಿ ಪರಿಹಾರ ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2009ರಲ್ಲಿ ಸುಪ್ರೀಂ ಕೋರ್ಟು, ಗಾಡಿ ಎರವಲು ಪಡೆದವರು ಮಾಲೀಕರ ಜಾಗದಲ್ಲಿ ನಿಂತಂತೆ. ಆದ್ದರಿಂದ ಯಾರ ತಪ್ಪೆಂದು ನೋಡದೆ ಪರಿಹಾರ ಕೊಡುವ 163-ಎ ಸೆಕ್ಷನ್ನಿನ ಕೆಳಗೆ ಕೇಳುವಂತಿಲ್ಲ ಎಂದಿತು. ಬೇರೆ ಸೆಕ್ಷನ್ನಿನ ಕೆಳಗೆ ಸಿಗುತ್ತದೆಯೇ ನೋಡಿ ಎಂದು ಹೈಕೋರ್ಟಿಗೆ ವಾಪಸು ಕಳಿಸಿತು. ಹತ್ತು ವರ್ಷ ಕಳೆದರೂ ಆ ತಾಯಿಗೆ ಕೊನೆಯ ಉತ್ತರ ಸಿಕ್ಕಿರಲಿಲ್ಲ ಎಂಬುದನ್ನು ನೆನೆದರೆ, ಪಕ್ಕದ ಮನೆಯವರಿಗೆ "ಸ್ವಲ್ಪ ಗಾಡಿ ಕೊಡಿ" ಎಂದು ಕೇಳುವಾಗ ನಾಲಿಗೆ ಹಿಂಜರಿಯುತ್ತದೆ.

ಇನ್ನು ಹದಿನಾರರ ಮಗ. "ಟ್ಯೂಷನ್‌ಗೆ ಲೇಟಾಯ್ತಮ್ಮಾ, ಕೀ ಕೊಡು" ಎನ್ನುತ್ತಾನೆ. ಕೊಟ್ಟುಬಿಡುತ್ತೇವೆ. 2019ರ ತಿದ್ದುಪಡಿಯಲ್ಲಿ ಬಂದ 199-ಎ ಸೆಕ್ಷನ್ ಪ್ರಕಾರ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೂ ಗಾಡಿಯ ಮಾಲೀಕರಿಗೂ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಕಲಿಕಾ ಲೈಸೆನ್ಸೂ ಇಲ್ಲ. ಅವನು ಯಾರಿಗಾದರೂ ಗುದ್ದಿದರೆ ನೊಂದವರಿಗೆ ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳುತ್ತಾ ಬಂದಿವೆ. ಆರ್.ಸಿ.ಯಲ್ಲಿ ನಿಮ್ಮ ಹೆಸರಿದ್ದರೆ ಆ ವಸೂಲಾತಿಯ ನೋಟೀಸು ಬರುವುದು ನಿಮಗೆ.

ಹಳೆಯ ಸ್ಕೂಟರು ಕೊಂಡವರೂ ಗಮನಿಸಿ. ಗಾಡಿಯ ಜೊತೆ ಥರ್ಡ್ ಪಾರ್ಟಿ ಭಾಗ ತಾನೇ ಹೊಸಬರಿಗೆ ಬರುತ್ತದೆ, ಓನ್ ಡ್ಯಾಮೇಜ್ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಾಯಿಸಿಕೊಳ್ಳಬೇಕು. ಪರೀಕ್ಷೆಗೆ ಕಲಿಯುವವರು 14 ಎಂಬ ಅಂಕಿಗೆ ಗೆರೆ ಎಳೆಯಿರಿ.

ಅಡುಗೆಮನೆಯ ಲೆಕ್ಕದಲ್ಲಿ

ಲೆಕ್ಕದ ಪ್ರಶ್ನೆ ಎಂದರೆ ಹೆದರುವವರಿದ್ದಾರೆ. ಚೀಟಿ ಹಣದ ಲೆಕ್ಕ ಇಟ್ಟವರಿಗೆ ಇದು ಏನೂ ಅಲ್ಲ. ಗಾಡಿ ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಸಿಗುವ ಮೊತ್ತಕ್ಕೆ ಐ.ಡಿ.ವಿ. ಎನ್ನುತ್ತಾರೆ. ಕೊಂಡ ಬೆಲೆಯಲ್ಲ, ಸವಕಳಿ ಕಳೆದ ಬೆಲೆ. 6 ತಿಂಗಳೊಳಗೆ ನೂರಕ್ಕೆ 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರು ವರ್ಷದವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50 ಕಳೆಯುತ್ತಾರೆ. 90,000 ರೂಪಾಯಿಯ ಸ್ಕೂಟರಿಗೆ ಎರಡೂವರೆ ವರ್ಷವಾಗಿದ್ದರೆ ನೂರಕ್ಕೆ 30 ಕಳೆದು 63,000. ಪ್ರೀಮಿಯಂ ಕಡಿಮೆ ಕಾಣಲಿ ಎಂದು ಐ.ಡಿ.ವಿ.ಯನ್ನೇ ಇಳಿಸಿ ಬರೆಯುವವರಿದ್ದಾರೆ, ಎಚ್ಚರ.

ಬಿಡಿಭಾಗದ ಲೆಕ್ಕ ಬೇರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಸಾಮಾನ್ಯವಾಗಿ ಅರ್ಧ ಬೆಲೆ ಮಾತ್ರ, ಗಾಜಿಗೆ ಪೂರ್ತಿ. 1,200 ರೂಪಾಯಿಯ ಪ್ಲಾಸ್ಟಿಕ್ ಮಡ್‌ಗಾರ್ಡ್ ಒಡೆದರೆ ಕಂಪನಿಯ ಪಾಲು 600, ಅದರಲ್ಲೂ ನಾವು ಕಡ್ಡಾಯವಾಗಿ ಹೊರಬೇಕಾದ 100 ಕಳೆದರೆ ಸಿಗುವುದು 500.

ಈ 500ಕ್ಕಾಗಿ ಕ್ಲೇಮು ಹಾಕಬೇಕೇ? ಇಲ್ಲಿ ಬರುತ್ತದೆ ನೋ ಕ್ಲೇಮ್ ಬೋನಸ್. ಒಂದು ವರ್ಷ ಏನೂ ಕೇಳದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ನೂರಕ್ಕೆ 20 ಬಿಡುತ್ತಾರೆ. ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮು ಹಾಕಿದರೆ ಮತ್ತೆ ಸೊನ್ನೆ. ನಿಮ್ಮ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ 6,000, ಮುಂದಿನ ವರ್ಷ ಸಿಗಬೇಕಾದ ಬೋನಸ್ ನೂರಕ್ಕೆ 35 ಎಂದಿಟ್ಟುಕೊಳ್ಳಿ. ಅದು 2,100 ಆಯಿತು. ಬಾಗಿಲಿನ ತಗ್ಗಿಗೆ ಕಂಪನಿ ಕೊಡುವುದು 1,500 ಆದರೆ ಕೈಯಿಂದಲೇ ರಿಪೇರಿ ಮಾಡಿಸುವುದು ಜಾಣತನ. ಈ ಬೋನಸ್ ವ್ಯಕ್ತಿಯದು, ಗಾಡಿಯದಲ್ಲ. ಕಾರು ಮಾರಿದರೆ ಬೋನಸ್ ನಿಮ್ಮ ಹೊಸ ಕಾರಿಗೆ ಬರುತ್ತದೆ, ಕೊಂಡವರಿಗೆ ಹೋಗುವುದಿಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೆ ಅಷ್ಟೂ ಹೋಯಿತು.

ಗೃಹಿಣಿಯ ಬೆಲೆ ಕಟ್ಟಿದ ತೀರ್ಪುಗಳು

ಪುಸ್ತಕದಲ್ಲಿ ಇದು ಸಿಗಲಾರದು, ಆದರೂ ಹೇಳದೆ ಮುಂದೆ ಹೋಗಲಾರೆ. ಅಪಘಾತದಲ್ಲಿ ತೀರಿಕೊಂಡವರ ಪರಿಹಾರವನ್ನು ಅವರ ಸಂಪಾದನೆಯ ಮೇಲೆ ಲೆಕ್ಕ ಹಾಕುತ್ತಾರೆ. ಹಾಗಾದರೆ ಸಂಬಳವಿಲ್ಲದ ನಮ್ಮ ಲೆಕ್ಕ? ಮೋಟಾರು ಕಾಯ್ದೆಯ ಹಳೆಯ ಎರಡನೆಯ ಅನುಸೂಚಿಯಲ್ಲಿ, ಸಂಪಾದಿಸದ ಹೆಂಡತಿಯ ವರಮಾನ ಗಂಡನ ವರಮಾನದ ಮೂರನೆಯ ಒಂದು ಭಾಗ ಎಂದಿತ್ತು. 2001ರಲ್ಲಿ ಬಿಹಾರದ ಒಂದು ಅಗ್ನಿ ದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಗುರುತಿಸಿತು. 2010ರ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿಗಳು, ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು ಮುಂತಾದವರ ಜೊತೆಗೆ ದುಡಿಮೆಯಿಲ್ಲದವರ ಸಾಲಿಗೆ ಸೇರಿಸಿದ್ದನ್ನು ಖಂಡಿಸಿದರು.

2014ರಲ್ಲಿ ದೆಹಲಿಯಲ್ಲಿ ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದ ದಂಪತಿಗಳಿಗೆ ಕಾರು ಬಡಿದು ಇಬ್ಬರೂ ತೀರಿಕೊಂಡರು. ಹಿಂದೆ ಉಳಿದವರು ಪುಟ್ಟ ಮಕ್ಕಳು, ವಯಸ್ಸಾದ ಹಿರಿಯರು. ಕೆಳಗಿನ ನ್ಯಾಯಮಂಡಳಿ ಕೊಟ್ಟ ಸುಮಾರು 40 ಲಕ್ಷವನ್ನು ಹೈಕೋರ್ಟ್ 22 ಲಕ್ಷಕ್ಕೆ ಇಳಿಸಿತ್ತು. 2021ರ ಜನವರಿ 5ರಂದು ಸುಪ್ರೀಂ ಕೋರ್ಟ್ ಅದನ್ನು 33 ಲಕ್ಷ 20 ಸಾವಿರಕ್ಕೆ ಏರಿಸಿತು. ಗೃಹಿಣಿಯ ದುಡಿಮೆಗೂ ವರಮಾನ ಕಟ್ಟಬೇಕು, ಮುಂದೆ ಅದು ಹೆಚ್ಚುತ್ತಿತ್ತೆಂಬ ಲೆಕ್ಕವನ್ನೂ ಸೇರಿಸಬೇಕು ಎಂದಿತು. 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷ ಎಂಬ ಅಂಕಿಯೂ ಆ ತೀರ್ಪಿನಲ್ಲೇ ಇದೆ. ನಮ್ಮ ಪಕ್ಕದ ಮನೆಯಲ್ಲಿ ಇಂಥದ್ದು ನಡೆದು, "ಅವಳೇನು ಸಂಪಾದಿಸುತ್ತಿದ್ದಳು, ಇಷ್ಟು ತಗೊಂಡು ರಾಜಿ ಮಾಡ್ಕೊಳ್ಳಿ" ಎಂದು ಯಾರಾದರೂ ಬಂದರೆ ಈ ತಾರೀಖು ಹೇಳಿ.

ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ಚಿತ್ತೂರು ರಸ್ತೆಯಲ್ಲಿ ನಡೆದಿದ್ದರೂ ನೀವು ವಾಸವಿರುವ ಜಾಗದ ವ್ಯಾಪ್ತಿಯ ನ್ಯಾಯಮಂಡಳಿಗೇ ಕೊಡಬಹುದು. ಆರು ತಿಂಗಳ ಗಡುವು 2022ರ ಏಪ್ರಿಲ್‌ನಿಂದ ಬಂದಿದೆ, ತಡ ಮಾಡಬಾರದು. ಗುದ್ದಿದ ಗಾಡಿ ನಿಲ್ಲದೆ ಓಡಿಹೋಗಿ ಗುರುತೇ ಸಿಗದಿದ್ದರೂ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಸಿಗುತ್ತದೆ. ಬಹಳ ಮಂದಿ ಕೇಳುವುದೇ ಇಲ್ಲ.

ಮತ್ತೆ ಪರೀಕ್ಷೆಗೆ ಬರೋಣ. 1938ರ ವಿಮಾ ಕಾಯ್ದೆಯ ಎರಡು ಸೆಕ್ಷನ್ ತಪ್ಪದೆ ಓದಿಕೊಳ್ಳಿ. 64-ವಿಬಿ: ಪ್ರೀಮಿಯಂ ಕೈಗೆ ಬರುವ ಮುಂಚೆ ವಿಮೆ ಆರಂಭವಾಗುವುದಿಲ್ಲ, ಅಂಗಡಿ ಲೆಕ್ಕದಂತೆ "ಸಂಬಳ ಬಂದ ಮೇಲೆ ಕೊಡಿ ಅಕ್ಕ" ಎನ್ನುವಂತಿಲ್ಲ. 41: ನಿಮ್ಮ ಕಮಿಷನ್ನಿನಲ್ಲಿ ಪಾಲು ಕೊಡುತ್ತೇನೆಂದು ಗಿರಾಕಿ ಹಿಡಿಯುವಂತಿಲ್ಲ. ನೆಂಟರು ಮೊದಲು ಕೇಳುವುದೇ ಇದನ್ನು! ಹಾಗೆಯೇ ಯಾರಾದರೂ ಕಡಿಮೆಗೆ ಪಾಲಿಸಿ ಮಾಡಿಸಿಕೊಡುತ್ತೇನೆ ಎಂದರೆ, ಎಂ-ಪರಿವಾಹನ್ ಆಪ್‌ನಲ್ಲಿ ಗಾಡಿಯ ನಂಬರು ಹಾಕಿ ವಿಮೆ ನಿಜವಾಗಿ ದಾಖಲಾಗಿದೆಯೇ ನೋಡಿ. ನಕಲಿ ಪಾಲಿಸಿ ಅಪಘಾತ ಆಗುವವರೆಗೂ ಅಸಲಿಯಂತೆಯೇ ಇರುತ್ತದೆ.

ನಮ್ಮ ಕೋಲಾರ ಸೀಮೆಯ ಬಹಳ ಮನೆಗಳಲ್ಲಿ ಮಾತು ತೆಲುಗು, ಓದುಬರಹ ಕನ್ನಡ. ಪರೀಕ್ಷೆಯ ಭಾಷೆ ಆರಿಸುವಾಗ ಕನ್ನಡ ಎಂದೇ ಗುರುತು ಹಾಕಿ. ಆದರೆ ಓದುವಾಗ ಇಂಗ್ಲಿಷ್ ಪದವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ, ಏಕೆಂದರೆ ಅನುವಾದದ ಕನ್ನಡ ಕೆಲವು ಕಡೆ ಕಬ್ಬಿಣದ ಕಡಲೆ. ಹಳೆಯ ಪಾಲಿಸಿಯ ಒಂದು ಪ್ರತಿ ತೆಗೆಸಿಕೊಂಡು ಎರಡು ತಾರೀಖು, ಐ.ಡಿ.ವಿ., ಬೋನಸ್, ಮಾಲೀಕರ ಹೆಸರು, ಅಪಘಾತ ವಿಮೆ ಇವುಗಳ ಮೇಲೆ ಮಕ್ಕಳ ಬಣ್ಣದ ಪೆನ್ಸಿಲ್ಲಿನಿಂದ ಗುರುತು ಮಾಡಿ. ಪರೀಕ್ಷೆಯ ದಿನ ಪ್ರವೇಶಪತ್ರ, ಫೋಟೋ ಇರುವ ಗುರುತಿನ ಚೀಟಿ ಮರೆಯಬೇಡಿ. ಮೊದಲು ಗೊತ್ತಿರುವುದಕ್ಕೆಲ್ಲ ಉತ್ತರ ಕೊಟ್ಟು ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ.